ಮಧ್ಯಾಹ್ನದ ಸಲಾಯಿನ್

ಇದನ್ನು ಹೇಳುವುದನ್ನು ನಾನು ಬಹಳ ಮುಂದೂಡಿದ್ದೇನೆ. ಕಬ್ಬು ಕಾರ್ಖಾನೆಗೆ ಹೋಗಲಿ, ಆಮೇಲೆ ಎಂದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎಂದೆ. ಕಣ್ಣು ನೆಟ್ಟಗಾದ ಮೇಲೆ ಬೇಸಿಗೆ, ಕೈ ಬೆವರುತ್ತದೆ ಎಂದೆ. ಮೊಲದ ಸಂಗತಿ ಬರೆದರೆ ಓದಿದವರು ನಕ್ಕಾರು ಎಂಬ ನಾಚಿಕೆಯೂ ಇತ್ತು. ಎಪ್ಪತ್ತು ದಾಟಿದ ರೈತ, ಎಷ್ಟೋ ಎತ್ತು ಎಮ್ಮೆಗಳನ್ನು ಮಣ್ಣಿಗೆ ಕೊಟ್ಟವನು, ಒಂದು ಮೊಲ ಸತ್ತದ್ದನ್ನು ಹಿಡಿದುಕೊಂಡು ಕೂತಿದ್ದಾನೆ ಎಂದಾರು. ಅನ್ನಲಿ. ಇನ್ನು ತಡ ಮಾಡಿದರೆ ಹೇಳದೆಯೇ ಹೋಗುತ್ತೇನೆ ಎಂಬ ಭಯ ಈಗ ನಾಚಿಕೆಗಿಂತ ದೊಡ್ಡದಾಗಿದೆ.

ನಮ್ಮ ಮನೆ ಅಂಕಲಿಯ ಹೊರಗೆ, ಹೊಲಕ್ಕೆ ಹತ್ತಿಕೊಂಡೇ ಇದೆ. ನಾವು ಜೈನರು, ತಲೆತಲಾಂತರದಿಂದ ಒಕ್ಕಲುತನದವರು. ನನ್ನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಮಗ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಹಂಗಾಮು ಇದ್ದಾಗ ಅವನು ಮನೆಗೆ ಬರುವುದು ಉಣ್ಣಲಿಕ್ಕೆ ಮತ್ತು ಮಲಗಲಿಕ್ಕೆ ಮಾತ್ರ. ಸೊಸೆ ರಾಯಬಾಗದ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬೆಳಿಗ್ಗೆ ಅಡುಗೆ ಮುಗಿಸಿ ಬಸ್ಸು ಹಿಡಿದರೆ ಹೊತ್ತು ಇಳಿಯುವಾಗ ತಿರುಗಿ ಬರುತ್ತಾಳೆ. ನಾನು ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲ. ಆದ್ದರಿಂದ ಬಸ್ಸಿಳಿದವಳು ಕಾಲು ತೊಳೆದುಕೊಂಡವಳೇ ಮೊದಲು ಒಲೆಯ ಮುಂದೆ ನಿಲ್ಲುತ್ತಾಳೆ. ಇಷ್ಟು ವರ್ಷಗಳಲ್ಲಿ ನನ್ನ ಊಟ ಹೊತ್ತು ಮೀರಿದ್ದು ನೆನಪಿಲ್ಲ.

ಮೊಲವನ್ನು ತಂದವಳು ಮೊಮ್ಮಗಳು. ಹೈಸ್ಕೂಲಿನಲ್ಲಿದ್ದಾಗ ನಿಪ್ಪಾಣಿಯ ಪೇಟೆಯಿಂದ ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಬಂದಳು. ಬೂದು ಬಣ್ಣ, ಮೂಗಿನ ಮೇಲೆ ಬಿಳಿ ಪಟ್ಟೆ. ಹಾಲು ಕೊಡುವುದಿಲ್ಲ, ಬಾಗಿಲು ಕಾಯುವುದಿಲ್ಲ, ಇದನ್ನು ಯಾಕೆ ತಂದೆ ಎಂದು ನಾನು ಗದರಿದೆ. ಅವಳು, ನೀವೂ ಹಾಲು ಕೊಡಂಗಿಲ್ಲಲ್ಲ ಅಜ್ಜಾ, ನಿಮ್ಮನ್ನ ಇಟ್ಕೊಂಡಿಲ್ಲೇನು ಎಂದಳು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಕೆಲವೇ ದಿನಗಳಲ್ಲಿ ಮೊಲ ನನ್ನ ಮಂಚದ ಕೆಳಗೆ ಠಿಕಾಣಿ ಹೂಡಿತು. ನಾನು ಮೆಂತೆ ಸೊಪ್ಪಿನ ಕಡ್ಡಿ ಕೆಳಗೆ ಇಳಿಬಿಟ್ಟರೆ ಅದು ಹಿಂಗಾಲ ಮೇಲೆ ಎದ್ದು ನಿಂತು ಎಳೆದುಕೊಳ್ಳುತ್ತಿತ್ತು. ಹಗಲೆಲ್ಲ ಮನೆಯಲ್ಲಿರುವವರು ನಾವಿಬ್ಬರೇ.

ಹುಡುಗಿ ಪಿಯುಸಿಗೆಂದು ನಿಪ್ಪಾಣಿಯ ಹಾಸ್ಟೆಲಿಗೆ ಹೋಗುವ ದಿನ ಮೊಲವನ್ನು ಎತ್ತಿ ತಾಯಿಯ ಮಡಿಲಿಗೆ ಹಾಕಿದಳು. "ಮಮ್ಮಿ, ನಾ ಬರೂತನಕ ಇದು ನಿನ್ನ ಕೈಯಾಗ. ಅಜ್ಜ ಲಾಡು ತಿನ್ನಸ್ತಾನ, ಲಕ್ಷ್ಯ ಇಡು" ಎಂದಳು. ಸೊಸೆ ಹೂಂ ಎಂದಳು. ಅವಳು ಹೂಂ ಎಂದರೆ ಅದು ಅಲ್ಲಿಗೆ ಮುಗಿಯಿತು, ಅಂಥ ಹೆಣ್ಣು.

ಹೋಳಿ ಹುಣ್ಣಿಮೆ ಕಳೆದು ಬಿಸಿಲು ಏರತೊಡಗಿದ್ದ ದಿನಗಳು. ಒಂದು ಮುಂಜಾನೆ ಮೊಲ ಸೊಪ್ಪಿಗೆ ಬಾಯಿ ಹಚ್ಚಲಿಲ್ಲ. ಹಿಕ್ಕೆಯೂ ಬಿದ್ದಿರಲಿಲ್ಲ. ಮೂಲೆಯಲ್ಲಿ ಮೈ ಮುದುಡಿಕೊಂಡು ಹಲ್ಲು ಕಡಿಯುತ್ತ ಕೂತಿತ್ತು. ದನಕರುಗಳ ಲೆಕ್ಕದಲ್ಲಿ ನಾನು, ಒಂದು ದಿನ ಉಪವಾಸ ಇದ್ದರೆ ಹೊಟ್ಟೆ ಹಗುರಾಗುತ್ತದೆ, ಬಿಡು ಎಂದೆ. ಸಂಜೆ ಸೊಸೆ ಬಂದು ಅದರ ಹೊಟ್ಟೆ ಮುಟ್ಟಿ ನೋಡಿದಳು. ಮರುದಿನ ಶಾಲೆಗೆ ರಜೆ ಹಾಕಿ, ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ, ನನ್ನನ್ನೂ ಕರೆದುಕೊಂಡು ಚಿಕ್ಕೋಡಿಗೆ ಹೊರಟಳು.

ಚಿಕ್ಕೋಡಿಯ ಪಶುವೈದ್ಯರು ಸಣ್ಣ ವಯಸ್ಸಿನವರು. ತಮ್ಮ ಕಡೆಗೆ ಬರುವುದು ಎಮ್ಮೆ, ಆಡು, ನಾಯಿ, ಮೊಲ ಬರುವುದು ಅಪರೂಪ ಎಂದು ಮುಚ್ಚಿಡದೆ ಹೇಳಿದರು. ಮೊಲದ ಕರುಳು ಸದಾ ನಡೆಯುತ್ತಿರಬೇಕಂತೆ. ಅದು ನಿಂತರೆ ಒಳಗಿನ ಮೇವು ಒಣಗಿ ಗಟ್ಟಿಯಾಗುತ್ತದೆ, ನೋವಿಗೆ ಅದು ಇನ್ನೂ ತಿನ್ನುವುದಿಲ್ಲ, ತಿನ್ನದಿದ್ದರೆ ಇನ್ನೂ ಗಟ್ಟಿಯಾಗುತ್ತದೆ. ಈ ಸುತ್ತು ಬಿಡಿಸಬೇಕಾದರೆ ಮೈಗೆ ನೀರು ಹೋಗಬೇಕು, ಬಾಯಿಯಿಂದ ಗಂಜಿ ಹೋಗಬೇಕು. "ದಿನಾ ಇಲ್ಲಿ ತರಬ್ಯಾಡ್ರಿ. ಬಸ್ಸಿನ್ಯಾಗ ಅಂಜಿಕಿಗೇ ಅರ್ಧಾ ಸಾಯತೈತಿ. ಮನಿಯಾಗ ಹಾಕೂದು ಕಲೀರಿ" ಎಂದರು.

ಕಲಿಸಿದರು. ಸಲಾಯಿನ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಮೈ ಬಿಸಿಯಷ್ಟು ಮಾಡಬೇಕು, ಮಣಿಕಟ್ಟಿಗೆ ಹನಿಸಿಕೊಂಡು ನೋಡಬೇಕು. ಭುಜಗಳ ನಡುವಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಡೇರೆಯ ಹಾಗೆ ಎತ್ತಬೇಕು. ಆ ಡೇರೆಯ ಬುಡದಲ್ಲಿ ಸೂಜಿ ಅಡ್ಡಕ್ಕೆ ಹೋಗಬೇಕು. ನೀರು ಚರ್ಮದ ಕೆಳಗೆ ಗಡ್ಡೆಯ ಹಾಗೆ ಉಬ್ಬುತ್ತದೆ, ಹೆದರಬಾರದು, ಮೆಲ್ಲಗೆ ಮೈಗೆ ಇಳಿಯುತ್ತದೆ. ಬಿಸಿಲು ಜಾಸ್ತಿ, ಒಮ್ಮೆಗೇ ಹೆಚ್ಚು ಹಾಕುವುದು ಬೇಡ, ಮುಂಜಾನೆ, ಮಧ್ಯಾಹ್ನ, ಸಂಜೆ ಸ್ವಲ್ಪ ಸ್ವಲ್ಪ ಹಾಕಿರಿ ಎಂದು ಹೇಳಿ ಬಾಟಲಿಯ ಮೇಲಿನ ಗೆರೆಗಳನ್ನು ತೋರಿಸಿದರು. ಸೊಸೆ ಅಲ್ಲಿಯೇ ಒಮ್ಮೆ ಹಾಕಿ ತೋರಿಸಿದಳು. ಉಳಿಯುತ್ತದೆಯೇ ಎಂದು ಕೇಳಿದಳು. ಹೇಳಲಿಕ್ಕೆ ಬರುವುದಿಲ್ಲ, ಆದರೆ ನೀರು ತಪ್ಪಿಸಿದರೆ ಉಳಿಯುವುದಿಲ್ಲ ಎಂದರು. ಈ ಮಾತು ನಾನೂ ಕೇಳಿದ್ದೇನೆ. ಕೇಳಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಮುಂಜಾನೆ ಸಂಜೆಯದು ಅವಳ ಪಾಲಿಗೆ ಬಂತು. ಮಧ್ಯಾಹ್ನದ್ದು ಯಾರು? ಶಾಲೆಯಲ್ಲಿ ಪರೀಕ್ಷೆಯ ದಿನಗಳು, ಅತಿಥಿ ಶಿಕ್ಷಕರಿಗೆ ಮೇಲಿಂದ ಮೇಲೆ ರಜೆ ಸಿಗುವುದಿಲ್ಲ. ಆದರೂ ಅವಳು ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿ ಕೇಳಿದಳು.

"ಮಾವಾರ, ನಿಮಗ ಆಗತೈತೇನ್ರಿ? ಆಗಂಗಿಲ್ಲಂದ್ರ ಆಗಂಗಿಲ್ಲ ಅನ್ರಿ. ನಾ ಏನರ ಮಾಡಿ ಬರತೇನಿ."

"ಎಮ್ಮಿಗೆ ಗೊಟ್ಟಾ ಹಾಕಿದ ಕೈ ಇದು. ಮೊಲ ಎಷ್ಟರದು, ನೀ ಹೋಗು" ಎಂದೆ.

ಗೊಟ್ಟ ಎಂದರೆ ದನಗಳ ಬಾಯಿಗೆ ಔಷಧಿ ಸುರಿಯುವ ಬಿದಿರಿನ ಕೊಳವೆ. ಒಂದು ಕಾಲಕ್ಕೆ ಓಣಿಯವರು ಎಮ್ಮೆಗೆ ಹೊಟ್ಟೆ ಉಬ್ಬರ ಬಂದರೆ ನನ್ನನ್ನು ಕರೆಯುತ್ತಿದ್ದರು. ಆ ಹೆಮ್ಮೆ ಬಾಯಿಗೆ ಬಂತು. ಅವಳು ಇಲ್ಲ ಎನ್ನುವ ದಾರಿಯನ್ನು ತಾನಾಗಿಯೇ ತೆರೆದು ಕೊಟ್ಟಿದ್ದಳು. ನಾನು ಮುಚ್ಚಿದೆ.

ಮರುದಿನ ಮಧ್ಯಾಹ್ನ ಬಾಟಲಿ ಬಿಸಿ ಮಾಡಿಕೊಂಡೆ. ಮೊಲವನ್ನು ಟಾವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಎಮ್ಮೆಯ ಚರ್ಮ ಬೇರೆ. ಅಲ್ಲಿ ಕೈಗೆ ಎದುರಾಗಿ ಒಂದು ಬಲ ಇರುತ್ತದೆ. ಇದರದು ಒದ್ದೆ ಅರಿವೆಯ ಹಾಗೆ. ಅದರ ಎದೆ ನನ್ನ ಅಂಗೈಯಲ್ಲಿ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ನನ್ನ ಕೈಯೇ ನಡುಗುತ್ತಿದೆಯೋ ಅದರ ಮೈ ನಡುಗುತ್ತಿದೆಯೋ ತಿಳಿಯಲಿಲ್ಲ. ಚರ್ಮ ಎತ್ತಿ ಸೂಜಿ ಚುಚ್ಚಿದೆ. ಒಂದು ಕಡೆಯಿಂದ ಹೋದದ್ದು ಇನ್ನೊಂದು ಕಡೆಯಿಂದ ಹೊರಗೆ ಬಂತು. ನೀರು ತುಪ್ಪಳದ ಮೇಲೆ ಹರಿದು ನನ್ನ ಧೋತರ ನೆನೆಯಿತು. ಹಿಂದಕ್ಕೆ ಎಳೆದು ಮತ್ತೆ ಒತ್ತಿದೆ. ಈ ಸಲ ಆಳಕ್ಕೆ ಹೋಗಿರಬೇಕು.

ಮೊಲ ಕೂಗಿತು.

ಮೊಲಕ್ಕೆ ದನಿ ಇದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇಷ್ಟು ದಿನ ಮನೆಯಲ್ಲಿದ್ದರೂ ಅದು ಒಮ್ಮೆಯೂ ಬಾಯಿ ತೆರೆದಿರಲಿಲ್ಲ. ಅದು ಸಣ್ಣ ಕೂಸಿನ ಕೂಗು. ಹೊರಗೆ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ನೆರೆಯವನು ಬಾಗಿಲಿಗೆ ಬಂದು ಏನಾಯಿತೆಂದು ಇಣುಕಿದ. ನಾನು ಸಲಾಯಿನ್ ಎಂದೆ. "ನಾಳೆ ಬೆಕ್ಕಿಗೆ ಬಾಟಲಿ ಹಚ್ಚತೀರಿ ಅಜ್ಜಾರ, ನಾಡಿದ್ದ ಕೋಳಿಗೆ" ಎಂದು ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿ, ಹೋದ.

ಸೂಜಿ ತೆಗೆದೆ. ಮೊಲ ತೊಡೆಯಿಂದ ಜಿಗಿದು ಮಂಚದ ಕೆಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಿತು. ಮತ್ತೆ ಹಿಡಿಯಲಿಕ್ಕೆ ನನ್ನಿಂದ ಆಗಲಿಲ್ಲ. ಬಹಳ ಹೊತ್ತು ಬಾಟಲಿ ಹಿಡಿದುಕೊಂಡೇ ಕೂತೆ. ಆಮೇಲೆ ಹಿತ್ತಲಿಗೆ ಹೋಗಿ, ಎಷ್ಟು ನೀರು ಮೊಲದ ಮೈಗೆ ಹೋಗಬೇಕಾಗಿತ್ತೋ ಅಷ್ಟನ್ನು ದಾಸವಾಳದ ಬುಡಕ್ಕೆ ಬಿಟ್ಟೆ. ಗೆರೆ ನೋಡಿ ಬಿಟ್ಟೆ.

ಸಂಜೆ ಅವಳು ಚೀಲ ಇಳಿಸುವ ಮೊದಲೇ ಕೇಳಿದಳು. "ಹಾಕಿದ್ರೇನ್ರಿ ಮಾವಾರ?"

"ಹೂಂ, ಹಾಕಿದೆ."

"ತ್ರಾಸ ಆತೇನ್ರಿ?"

"ಏನಿಲ್ಲ."

ಅವಳ ಮುಖದಲ್ಲಿ ಬಂದ ಸಮಾಧಾನ ಕಂಡು ನನಗೆ ಅಲ್ಲಿಯೇ ಹೇಳಿಬಿಡಬೇಕೆನಿಸಿತು. ನಾಳೆ ಸರಿಯಾಗಿ ಹಾಕಿದರಾಯಿತು, ಇದು ಒಂದು ದಿನದ ಮಾತು ಎಂದುಕೊಂಡೆ.

ಮರುದಿನ ಮಧ್ಯಾಹ್ನ ನಾನು ಬಾಟಲಿಯನ್ನು ಬಿಸಿ ಸಹ ಮಾಡಲಿಲ್ಲ. ಗಂಜಿ ತುಂಬಿದ ಪಿಚಕಾರಿಯನ್ನು ಬಾಯಿಯ ಹತ್ತಿರ ತಂದಾಗ ಮೊಲ ಮುಖ ತಿರುಗಿಸಿತು. ಇನ್ನೊಂದು ಕಡೆಯಿಂದ ತಂದೆ. ಮತ್ತೆ ತಿರುಗಿಸಿತು. ಆ ತಿರುಗಿಸಿದ್ದು ನೋಡಿ ನನಗೆ ನನ್ನ ತಾಯಿ ನೆನಪಾದಳು.

ನನ್ನ ತಾಯಿ ತೊಂಬತ್ತರ ಹತ್ತಿರ ಬಂದಾಗ ಮೊದಲು ಅನ್ನ ಬಿಟ್ಟಳು, ಆಮೇಲೆ ಹಾಲು, ಕೊನೆಗೆ ನೀರು. ಮಕ್ಕಳನ್ನೆಲ್ಲ ಕರೆದು ಒಪ್ಪಿಗೆ ಕೇಳಿ, ಮುನಿಗಳ ಮುಂದೆ ಸಲ್ಲೇಖನ ವ್ರತ ತೆಗೆದುಕೊಂಡು ಬಿಟ್ಟಳು. ಕಾಗವಾಡ, ಅಥಣಿ ಕಡೆಯಿಂದೆಲ್ಲ ಜನ ಅವಳ ದರ್ಶನಕ್ಕೆ ಬಂದರು. ಮನೆಯಲ್ಲಿ ಅಳು ಇರಲಿಲ್ಲ, ಣಮೋಕಾರ ಮಂತ್ರ ಮಾತ್ರ ನಡೆದಿತ್ತು. ಒಂದು ದಿನ ತಡೆಯಲಾರದೆ ನಾನು ಒದ್ದೆ ಅರಿವೆಯನ್ನು ಅವಳ ತುಟಿಗೆ ತಂದೆ. ಅವಳು ಹೀಗೆಯೇ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ನಮ್ಮಲ್ಲಿ ಹಾಗೆ ತಿರುಗಿದ ಮುಖಕ್ಕೆ ಯಾರೂ ಬಲವಂತ ಮಾಡುವುದಿಲ್ಲ. ಮಾಡಿದರೆ ಪಾಪ.

ಮೊಲವೂ ಬಿಟ್ಟಿದೆ ಎಂದುಕೊಂಡೆ. ಇದೂ ಒಂದು ಜೀವ. ಇದಕ್ಕೂ ತನ್ನ ಹೊತ್ತು ತಿಳಿದಿದೆ. ಸೂಜಿಯಿಂದ ನೀರು ಒಳಗೆ ದೂಡಿ ಅದರ ಸಾವನ್ನು ಕೆಡಿಸುವುದು ಯಾವ ಧರ್ಮ? ಹೀಗೆ ಅಂದುಕೊಂಡ ಕೂಡಲೇ ಎದೆಯ ಭಾರ ಇಳಿದು ಹೋಯಿತು. ಎಷ್ಟು ಬೇಗ ಇಳಿಯಿತು ಎಂಬುದನ್ನು ಈಗ ನೆನೆದರೆ ಹೇಸಿಗೆಯಾಗುತ್ತದೆ. ಮೊಲದ ಪಕ್ಕದಲ್ಲಿ ನೆಲದ ಮೇಲೆ ಕೂತು ಅದರ ಕಿವಿಯಲ್ಲಿ ಣಮೋಕಾರ ಹೇಳಿದೆ. ಅಷ್ಟು ಉದ್ದ ಕಿವಿ, ಒಳಗಿನ ನರಗಳು ಕೆಂಪಗೆ ಕಾಣುತ್ತಿದ್ದವು. ನನ್ನ ಉಸಿರು ತಗಲಿದಾಗ ಕಿವಿ ಅಲುಗುತ್ತಿತ್ತು. ಅದು ಕೇಳಿಸಿಕೊಳ್ಳುತ್ತಿದೆ ಎಂದು ನಂಬಿದೆ. ಆಮೇಲೆ ಎದ್ದು ದಾಸವಾಳಕ್ಕೆ ನೀರು ಬಿಟ್ಟೆ.

ನಂಬಿಕೆ ನಿಜವಾಗಿದ್ದರೆ ಸಂಜೆ ಸೊಸೆಗೆ ಹೇಳುತ್ತಿದ್ದೆ. ತಂಗೀ, ಇದಕ್ಕೆ ಇನ್ನು ಸೂಜಿ ಬೇಡ, ಹೀಗೆ ಹೀಗೆ ಎನ್ನುತ್ತಿದ್ದೆ. ಅವಳು ಒಪ್ಪುತ್ತಿದ್ದಳೋ ಇಲ್ಲವೋ, ಮಾತಾದರೂ ಆಗುತ್ತಿತ್ತು. ನಾನು ಮಾತ್ರ ಮತ್ತೆ ಹಾಕಿದೆ ಎಂದೇ ಹೇಳಿದೆ. ಧರ್ಮದ ಕೆಲಸ ಮಾಡಿದವನು ಗೆರೆ ನೋಡಿ ಬಾಟಲಿ ಬರಿದು ಮಾಡುವುದಿಲ್ಲ.

ಮೂರನೆಯ ದಿನವೂ ಹಾಗೆಯೇ ಹೋಯಿತು. ಮುಂಜಾನೆ ಅವಳು ಹಾಕುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು, ಹೊಟ್ಟೆ ನೀವುತ್ತಿದ್ದಳು. ಮೊಲ ಅವಳ ಕೈಯಲ್ಲಿ ಒಂದೊಂದು ಹನಿ ನುಂಗುತ್ತಿತ್ತು. ಅವಳ ಬಸ್ಸು ಹೋದದ್ದೇ ತಡ, ಬಿಸಿಲು ಏರಿ ಇಳಿಯುವವರೆಗೂ ಅದಕ್ಕೆ ಏನೂ ಇಲ್ಲ. ತಗಡಿನ ಚಾವಣಿ ಕಾದು ಟಣ್ ಟಣ್ ಎನ್ನುತ್ತಿತ್ತು. ನಾನು ಅದರ ಎದುರಿಗೆ ಕೂತು ನೋಡುತ್ತಿದ್ದೆ. ಅದು ನನ್ನನ್ನು ನೋಡುತ್ತಿತ್ತು. ಎದ್ದು ಒಂದು ಚಮಚ ನೀರಾದರೂ ಕುಡಿಸಲಿಕ್ಕೆ ನನಗೆ ಏನು ಅಡ್ಡ ಬಂದಿತ್ತು? ಕುಡಿಸಿ ಅದು ನುಂಗಿಬಿಟ್ಟರೆ, ಬಿಟ್ಟಿದೆ ಎಂಬ ನನ್ನ ಕತೆ ಮುಗಿಯುತ್ತಿತ್ತು. ಅದೇ ಅಡ್ಡ ಬಂದಿತ್ತು.

ರವಿವಾರ ಮತ್ತೆ ಚಿಕ್ಕೋಡಿಗೆ ಹೋದೆವು. ಡಾಕ್ಟರು ಮೊಲದ ಬೆನ್ನಿನ ಚರ್ಮ ಚಿವುಟಿ ಬಿಟ್ಟರು. ಚಿವುಟಿದ ಚರ್ಮ ಎದ್ದದ್ದು ಹಾಗೆಯೇ ನಿಂತಿತು. ಬಾಯಿಯ ಒಳಗೆ ಬೆರಳಾಡಿಸಿ ನೋಡಿದರು. ಒಣಗಿ ಅಂಟುತ್ತಿತ್ತು. ಅವರು ಹುಬ್ಬು ಗಂಟಿಕ್ಕಿದರು.

"ಮೂರೂ ಹೊತ್ತು ಹಾಕೀರೇನ್ರಿ?"

ಸೊಸೆ ನನ್ನ ಕಡೆ ನೋಡಿದಳು. ನಾನು ತಲೆ ಆಡಿಸಿದೆ. ಅವಳು ಹೌದ್ರಿ ಎಂದಳು.

"ಮೂರೂ ಹೊತ್ತು ಹೋಗಿದ್ರ ಇಷ್ಟು ಒಣಗಬಾರದಿತ್ರಿ. ಎಲ್ಲೋ ಸೂಜಿ ತಪ್ಪಾಕತ್ತೈತಿ. ನೀರು ಹೊರಗ ಸೋರಿ ಹೋಗತಿರಬೇಕು. ಯಾರು ಹಾಕತೀರಿ?"

"ಮಧ್ಯಾಹ್ನ ನಮ್ಮ ಮಾವಾರು ಹಾಕತಾರ್ರಿ" ಎಂದಳು. ಎಂದವಳೇ, ತಾನು ದೂರು ಹೇಳಿದಂತಾಯಿತು ಎಂದು ತಿಳಿದು ಗಾಬರಿಯಾದಳು. "ಅವರು ದನಾ ಕಂಡವರ್ರಿ, ಅವರ ಕೈ ತಪ್ಪಂಗಿಲ್ಲ. ಮುಂಜಾನೆ ಬಸ್ಸಿನ ಗಡಿಬಿಡಿಯಾಗ ನಂದ ತಪ್ಪಿರಬೇಕ್ರಿ."

ನಾನು ಬುಟ್ಟಿಯ ಹಿಡಿಕೆ ಹಿಡಿದುಕೊಂಡು ನಿಂತಿದ್ದೆ. ಡಾಕ್ಟರು ಅವಳನ್ನು ಬಯ್ಯಲಿಲ್ಲ. ಮೆಲ್ಲನೆ ಅವಳ ಬೆರಳು ಹಿಡಿದು, ಹೀಗೆ ಎತ್ತಬೇಕು, ಇಲ್ಲಿ ಹೋಗಬೇಕು ಎಂದು ಮೊದಲಿನಿಂದ ತೋರಿಸಿದರು. ಅವಳು ಶಾಲೆಯ ಹುಡುಗಿಯ ಹಾಗೆ ಹೂಂನ್ರಿ ಹೂಂನ್ರಿ ಎನ್ನುತ್ತ ಕೇಳಿದಳು. ಅವಳಿಗೆ ಮೊದಲೇ ಸರಿಯಾಗಿ ಬರುತ್ತಿತ್ತು. ಅಲ್ಲಿದ್ದ ಮೂವರಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ.

ಮನೆಗೆ ಬಂದ ಮೇಲೆ ಅವಳು ಬಾಟಲಿ ಬಿಸಿ ಮಾಡಿ ತಂದು ನನ್ನ ಮುಂದೆ ಇಟ್ಟಳು. "ನೀವು ಹೆಂಗ ಹಾಕತೀರಿ ಒಮ್ಮಿ ತೋರಸ್ರಿ ಮಾವಾರ. ನೋಡಿ ಕಲೀತೇನಿ" ಎಂದಳು.

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಸಿಟ್ಟು ಮಾಡಿಕೊಂಡು ಎದ್ದು ಹೋಗಬಹುದಿತ್ತು. ಸೂಜಿ ಕೈಗೆ ತೆಗೆದುಕೊಂಡೆ. ಈಗ ಹೇಳು, ಈಗ ಹೇಳು ಎಂದು ಮನಸ್ಸು ಹೊಡೆದುಕೊಂಡಿತು. ನನ್ನ ಬಾಯಿಂದ ಬಂದದ್ದು, ಕನ್ನಡಕ ಎಲ್ಲೋ ಇಟ್ಟಿದ್ದೇನೆ, ಈಗ ನೀನೇ ಹಾಕು ಎಂಬ ಮಾತು. ಕನ್ನಡಕ ನನ್ನ ಅಂಗಿಯ ಕಿಸೆಯಲ್ಲಿತ್ತು. ಅವಳಿಗೂ ಕಾಣಿಸಿರಬೇಕು. ಮುದುಕರ ಮಾನ ಕಾಯುವುದು ಅವಳ ರೂಢಿ. ಸುಮ್ಮನೆ ಸೂಜಿ ಈಸಿಕೊಂಡಳು. ಮೊಲವನ್ನು ನಾನು ಹಿಡಿದೆ. ಅವಳು ಚರ್ಮ ಎತ್ತಿ ಚುಚ್ಚಿದ್ದು ಮೊಲಕ್ಕೆ ಗೊತ್ತೇ ಆಗಲಿಲ್ಲ. ನೀರು ಭುಜದ ಮೇಲೆ ಉಬ್ಬಿ ನಿಂತಿತು.

ಸೋಮವಾರ ಅವಳು ಮನಸ್ಸಿಲ್ಲದ ಮನಸ್ಸಿನಿಂದ ಶಾಲೆಗೆ ಹೋದಳು. ಆ ಮಧ್ಯಾಹ್ನ ನಾನು ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಾಟಲಿ ಬಿಸಿ ಮಾಡಿ, ಮೊಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಟಾವೆಲ್ ಬೇಕಾಗಲಿಲ್ಲ. ಅದು ಓಡುವ ಸ್ಥಿತಿಯಲ್ಲಿ ಇರಲಿಲ್ಲ. ಅವಳು ಎತ್ತಿದ ಹಾಗೆಯೇ ಚರ್ಮ ಎತ್ತಿ ಸೂಜಿ ಹಾಕಿದೆ. ಸರಿಯಾಗಿ ಹೋಯಿತು. ನೀರು ಪೂರ್ತಿ ಹೋಯಿತು. ಬರುತ್ತಿತ್ತು ನನಗೆ! ಮೊದಲ ದಿನ ಇನ್ನೊಮ್ಮೆ ಪ್ರಯತ್ನ ಮಾಡಿದ್ದರೂ ಬರುತ್ತಿತ್ತು. ಉಬ್ಬಿದ ನೀರು ಕರಗಲಿ ಎಂದು ಮೆಲ್ಲಗೆ ತಿಕ್ಕುತ್ತ ಕೂತೆ. ಕರಗಲಿಲ್ಲ. ಅದನ್ನು ಒಳಗೆ ಎಳೆದುಕೊಳ್ಳುವ ಶಕ್ತಿ ಮೈಯಲ್ಲಿ ಉಳಿದಿರಲಿಲ್ಲ. ಗಂಜಿ ಬಾಯಿಗೆ ಬಿಟ್ಟೆ, ಪಕ್ಕದಿಂದ ಹೊರಗೆ ಬಂತು. ಡಾಕ್ಟರಿಗೆ ಫೋನು ಮಾಡಲೇ ಎಂದುಕೊಂಡೆ. ಏನು ಹೇಳಲಿ? ತಿಕ್ಕುತ್ತಲೇ ಇದ್ದೆ. ಅವಳ ಬಸ್ಸು ಬರಲು ಇನ್ನೂ ಬಹಳ ಹೊತ್ತು ಇರುವಾಗ ಅದು ಕಾಲು ಚಾಚಿ ಒಮ್ಮೆ ಮೈ ಜಾಡಿಸಿತು. ಮುಗಿಯಿತು.

ಅವಳು ಬಂದು ನೋಡಿ ನೆಲದ ಮೇಲೆ ಕೂತಳು. ಅಳಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಲಿಕ್ಕೆಂದು ಎತ್ತಿಕೊಂಡಾಗ ಅದರ ಭುಜದ ಹತ್ತಿರ ನೀರಿನ ಗಡ್ಡೆ ಅವಳ ಕೈಗೆ ಸಿಕ್ಕಿತು.

"ಮುಂಜಾನೆ ನಾ ಹಾಕಿದ್ದು ಹಂಗ ಐತ್ರಿ ಮಾವಾರ" ಎಂದಳು. "ಒಳಗ ಹೋಗೇ ಇಲ್ಲ. ನನಗ ಕಡೀತನಕಾ ಬರಲೇ ಇಲ್ಲ."

ಅದು ನನ್ನ ನೀರು. ಇಬ್ಬರೂ ಕಬ್ಬಿನ ಬದುವಿನಲ್ಲಿ ಕುಣಿ ತೋಡಿ ಮಣ್ಣು ಮಾಡಿದೆವು. ಹೊತ್ತು ಮುಳುಗುತ್ತಿತ್ತು. ಅವಳು ಕೈ ತೊಳೆದುಕೊಂಡು ಓಡಿ ಹೋಗಿ ನನಗೆ ರೊಟ್ಟಿ ಬಡಿದಳು. ನಾನು ತಿಂದೆ.

ಹುಡುಗಿಗೆ ಪರೀಕ್ಷೆ ಮುಗಿಯುವವರೆಗೆ ಹೇಳಲಿಲ್ಲ. ಹೇಳಿದ ದಿನ ಅವಳು ಊರಿಗೆ ಬಂದಳು. ತಾಯಿ ನಡೆದದ್ದನ್ನೆಲ್ಲ ಹೇಳಿದಳು. ತನ್ನ ಸೂಜಿ ತಪ್ಪಿತು, ಡಾಕ್ಟರೇ ಹಾಗೆ ಹೇಳಿದರು ಎಂದೂ ತಾನಾಗಿಯೇ ಹೇಳಿದಳು. ಹುಡುಗಿ, "ಬರಲಾರದ ಮ್ಯಾಲ ಯಾಕ ಚುಚ್ಚಿದಿ? ಅಜ್ಜನ ಕೈಯಾಗ ಬಿಡಬೇಕಿತ್ತಿಲ್ಲೋ" ಎಂದಳು. ನಾನು ಪಡಸಾಲೆಯಲ್ಲಿಯೇ ಇದ್ದೆ. ಸೊಸೆ ನನ್ನ ಕಡೆ ನೋಡದೆ, ಹೌದವ್ವಾ ಎಂದಳು. ಆ ರಜೆಯಲ್ಲಿ ತಾಯಿ ಮಗಳ ನಡುವೆ ಮಾತು ಕಡಿಮೆಯಾಯಿತು. ಈಗ ಹುಡುಗಿ ಡಿಗ್ರಿ ಓದುತ್ತಾಳೆ. ಮನೆಗೆ ಬರುತ್ತಾಳೆ, ನಗುತ್ತಾಳೆ. ಆದರೆ ಯಾವುದನ್ನಾದರೂ ತಾಯಿಯ ಕೈಗೆ ಕೊಟ್ಟು, ಇದನ್ನು ನೋಡಿಕೋ ಎಂದು ಹೇಳಿದ್ದನ್ನು ನಾನು ಮತ್ತೆ ಕೇಳಿಲ್ಲ.

ಕಾಗವಾಡದ ಹತ್ತಿರ ನನ್ನ ಅಕ್ಕ ಇದ್ದಾಳೆ. ಅವಳ ಮನೆಗೆ ಹೋದಾಗ ಒಮ್ಮೆ ಅರ್ಧ ಹೇಳಿದೆ. ನಮ್ಮ ಮನೆಯ ಮೊಲ ಅವ್ವನ ಹಾಗೆಯೇ ಮುಖ ತಿರುಗಿಸಿ ನೀರು ಬಿಟ್ಟಿತ್ತು, ನಾನು ಬಲವಂತ ಮಾಡಲಿಲ್ಲ ಎಂದೆ. ಹೌದಪ್ಪ, ಪುಣ್ಯದ ಜೀವ ಎನ್ನುತ್ತಾಳೆ ಎಂಬ ಆಸೆ ಇತ್ತು. ಅವಳು ಅಕ್ಕಿಯಲ್ಲಿನ ಹರಳು ಆರಿಸುತ್ತಲೇ ನನ್ನನ್ನು ಕೇಳಿದಳು.

"ಅವ್ವ ತನ್ನ ಬಾಯಿಲೆ ಕೇಳಿ ಬಿಟ್ಟಳು. ಇದರ ಬಾಯಿ ಯಾವಾಗ ಆದ್ಯೋ ನೀ?"

ಹೊಟ್ಟೆ ನೋಯುವ ಜೀವ ಮುಖ ತಿರುಗಿಸುತ್ತದೆ, ಕೂಸೂ ತಿರುಗಿಸುತ್ತದೆ, ಅದಕ್ಕೆ ತಾಯಂದಿರು ಉಪವಾಸ ಹಾಕುತ್ತಾರೇನು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಅವಳು ಮೊರ ಕೊಡವಿದಳು. ಕಣ್ಣಿಗೆ ಕಾಣದ ಜೀವ ಸಾಯಬಾರದೆಂದು ಕುಡಿಯುವ ನೀರನ್ನು ದಿನವೂ ಬಟ್ಟೆಯಲ್ಲಿ ಸೋಸುವ ಮನೆ ನಮ್ಮದು. ಆ ಮನೆಯಲ್ಲಿ ಕಣ್ಣೆದುರಿಗೆ ಕೂತ ಜೀವಕ್ಕೆ ನಾನು ನೀರು ತಪ್ಪಿಸಿದೆ. ತಾಯಿಯ ವ್ರತವನ್ನು ತಂದು ನನ್ನ ಅಂಜಿಕೆಗೆ ಹೊದಿಸಿದೆ. ತಾಯಿಗೂ ಅದು ಅಪಮಾನವೇ.

ಮೊನ್ನೆ ಮಳೆಗಾಲದಲ್ಲಿ ಆ ಕುರಿ ಕಾಯುವ ನೆರೆಯವನು ಒಂದು ಸಣ್ಣ ಮರಿಯನ್ನು ಎತ್ತಿಕೊಂಡು ಬಂದ. ತಾಯಿ ಕುರಿ ಸತ್ತಿತ್ತು, ಮರಿಗೆ ಭೇದಿ, ಡಾಕ್ಟರು ಬಾಟಲಿ ಕೊಟ್ಟು ಕಳಿಸಿದ್ದರು. "ಟೀಚರ್ರ, ನಿಮಗ ಸೂಜಿ ರೂಢಿ ಐತಿ, ಇಷ್ಟು ಹಾಕಿ ಕೊಡ್ರಿ" ಎಂದ. ಸೊಸೆ ಮರಿಯ ತಲೆ ನೀವಿದಳು. ಮರಿ ಅವಳ ಬೆರಳು ಚೀಪಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಬ್ಯಾಡ್ರಿ ಕಾಕಾ. ನನ್ನ ಕೈಗುಣ ಚೊಲೊ ಇಲ್ಲ. ಮ್ಯಾಲಿನ ಓಣಿಯಾಗ ಕಂಪೌಂಡರ್ ಅದಾರ, ಲಗೂನ ಹೋಗ್ರಿ."

ಅವನು ಹೋದ. ನಾನು ಪಡಸಾಲೆಯಲ್ಲಿ ಕೂತು ಕೇಳಿದೆ. ಆ ಕೈ ಎಷ್ಟು ಒಳ್ಳೆಯದೆಂದು ಕಂಡವನು ನಾನು, ನನ್ನ ತೊಡೆಯ ಮೇಲೆ ಕಂಡವನು. ಒಂದು ಮಾತು ಸಾಕಾಗಿತ್ತು. ಮರಿ ಉಳಿಯಿತೋ ಇಲ್ಲವೋ ನಾನು ವಿಚಾರಿಸಲಿಲ್ಲ. ವಿಚಾರಿಸುವ ಧೈರ್ಯ ಆಗಲಿಲ್ಲ.

ಪರ್ಯೂಷಣ ಮುಗಿದ ಮೇಲೆ ನಮ್ಮಲ್ಲಿ ಕ್ಷಮೆ ಕೇಳುವ ದಿನ ಬರುತ್ತದೆ. ಬಸದಿಯಿಂದ ಬಂದವರು ಒಬ್ಬರಿಗೊಬ್ಬರು ಕೈ ಮುಗಿದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿರಿ ಎನ್ನುತ್ತಾರೆ. ನಾನು ಪ್ರತಿ ವರ್ಷ ಓಣಿಯವರಿಗೆ ಹೇಳಿದ್ದೇನೆ, ಹೊಲದ ಬದುವಿಗಾಗಿ ಜಗಳವಾಡಿದ ದಾಯಾದಿಗೆ ಹೇಳಿದ್ದೇನೆ, ಮಗನಿಗೂ ಮೊಮ್ಮಗಳಿಗೂ ಹೇಳಿದ್ದೇನೆ. ಮನೆಯ ಹೊಸ್ತಿಲಲ್ಲಿ ಅವಳಿಗೂ ಅದೇ ಮಾತನ್ನು, ಅದೇ ದನಿಯಲ್ಲಿ ಹೇಳಿ ಒಳಗೆ ನಡೆದಿದ್ದೇನೆ. ಅವಳು ನನ್ನ ಕಾಲು ಮುಟ್ಟಿ, ನನ್ನಿಂದಲೂ ಏನಾದರೂ ತಪ್ಪಾಗಿದ್ದರೆ ಎಂದು ಆರಂಭಿಸುತ್ತಾಳೆ. ಎಲ್ಲರಿಗೂ ಹೇಳುವ ಆ ಮಾತಿನ ಹಿಂದೆ ಅಡಗಿಕೊಳ್ಳುವುದು ಬಹಳ ಸುಲಭ. ತಿಳಿದೋ ತಿಳಿಯದೆಯೋ ಅಲ್ಲ, ತಿಳಿದೇ ಮಾಡಿದೆ, ಗೆರೆ ನೋಡಿ ಮಾಡಿದೆ, ನಿನ್ನ ಸೂಜಿ ಒಂದು ದಿನವೂ ತಪ್ಪಲಿಲ್ಲ ಎಂದು ನಾನು ಇನ್ನೂ ಹೇಳದೆ ಉಳಿದಿರುವುದು ಒಬ್ಬಳಿಗೇ. ಈಗಲೂ ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ನನ್ನ ಹೊತ್ತು ಮೀರಬಾರದೆಂದು ಅವಸರ ಮಾಡುತ್ತಿರುವವಳು ಅವಳು, ನನ್ನ ಸೊಸೆ.